ನೀರಿನ ಸಲುವಾಗಿ ನುಡಿದ ಬಾಲಿಕೆ

ನಮ್ಮ ಸೀಮೆಯಲ್ಲಿ ಮದುವೆಯಾಗಿ ಬಂದ ಸೊಸೆಯು ಗಂಗಾಪೂಜೆ ಮಾಡುತ್ತಾಳೆ. ಬಾಣಂತಿಯು ಕೋಣೆಯಿಂದ ಹೊರಗೆ ಬಂದ ದಿವಸ ಬಾವಿಗೆ ಇಲ್ಲವೆ ನಳಕ್ಕೆ ಅರಿಷಿಣ ಕುಂಕುಮವೇರಿಸಿ, ತುಂಬಿದ ಕೊಡವನ್ನು ಹೊತ್ತು ಮನೆಯನ್ನು ಸೇರುತ್ತಾಳೆ. ನೀರಿಗೂ ಹೆಂಗಸಿಗೂ ಇರುವ ಈ ನಂಟು ಬಹು ಹಳೆಯದು. ಆದರೆ ಇದರಲ್ಲಿ ಒಂದು ವಿಚಿತ್ರವುಂಟು. ನೀರು ತರುವವಳು ಹೆಂಗಸು. ಸೋಸುವವಳು, ಕಾಸುವವಳು ಹೆಂಗಸು. ನೀರು ಕೆಟ್ಟು ಮಗುವಿಗೆ ವಾಂತಿಭೇದಿಯಾದರೆ ರಾತ್ರಿಯೆಲ್ಲ ಎಚ್ಚತ್ತು ಕೂಡ್ರುವವಳೂ ಹೆಂಗಸು. ಇಷ್ಟಾದರೂ ನಾಲ್ಕು ಜನ ಕೂಡಿ ನೀರಿನ ವಿಷಯವಾಗಿ ಮಾತನಾಡುವಾಗ ಆಕೆಯನ್ನು ಕೇಳುವವರು ವಿರಳ. ಚಿಕ್ಕ ಹುಡುಗಿಯನ್ನಂತೂ ಕೇಳುವದೇ ಇಲ್ಲ.

ಹೀಗಿರಲು, ವಯಸ್ಸಿನಿಂದ ನಮ್ಮ ಏಳನೆಯ ಇಯತ್ತೆಯ ಹುಡುಗಿಯರಷ್ಟೇ ಇದ್ದ ಒಬ್ಬ ಬಾಲಿಕೆಯು ತನ್ನ ದೇಶದ ಪ್ರಧಾನಮಂತ್ರಿಗಳ ಎದುರಿಗೆ ನಿಂತು ನೀರಿನ ಸಲುವಾಗಿ ನುಡಿದ ಸಂಗತಿಯನ್ನು ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ತಿಳಿಸಬೇಕೆಂದು ನಾವು ಬಯಸಿದ್ದೇವೆ. ಸಂಗತಿಯು ದೂರ ದೇಶದ್ದು. ಅದರೊಳಗಿನ ಪಾಠವು ದೂಧಗಂಗೆಯ ದಂಡೆಯಲ್ಲಿ ಬಾಳುವ ಏಕಸಂಬಿಯವರಾದ ನಮಗೆ ದೂರವಾದದ್ದಲ್ಲ.

ಉತ್ತರ ಅಮೇರಿಕ ಖಂಡದಲ್ಲಿ ಕೆನಡಾ ಮತ್ತು ಅಮೇರಿಕದ ಸಂಯುಕ್ತ ಸಂಸ್ಥಾನಗಳ ನಡುವೆ ಐದು ಮಹಾಸರೋವರಗಳುಂಟು. ಅವು ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ ಮತ್ತು ಒಂಟೇರಿಯೊ ಎಂಬವು. ಭೂಮಿಯ ಮೇಲ್ಭಾಗದಲ್ಲಿರುವ ದ್ರವರೂಪದ ಸಿಹಿನೀರಿನಲ್ಲಿ ಸುಮಾರು ಐದನೆಯ ಒಂದು ಪಾಲು ಈ ಐದರಲ್ಲಿಯೇ ಅಡಗಿದೆ. ಹ್ಯೂರನ್ ಸರೋವರದಲ್ಲಿರುವ ಮ್ಯಾನಿಟೂಲಿನ್ ಎಂಬ ನಡುಗಡ್ಡೆಯು ಸಿಹಿನೀರಿನ ಸರೋವರದೊಳಗಿನ ನಡುಗಡ್ಡೆಗಳಲ್ಲೆಲ್ಲ ಜಗತ್ತಿನಲ್ಲಿಯೇ ದೊಡ್ಡದು. ಈ ಪ್ರದೇಶದಲ್ಲಿ ಯುರೋಪಿನವರು ಬರುವದಕ್ಕಿಂತ ಬಹು ಪೂರ್ವದಿಂದಲೂ ವಾಸವಾಗಿರುವ ಜನರಿಗೆ ಅನಿಶಿನಾಬೆ ಎಂದು ಹೆಸರು. ನಮ್ಮ ದೇಶದಲ್ಲಿ ನಾವು ಆದಿವಾಸಿಗಳೆಂದು ಯಾರನ್ನು ಕರೆಯುತ್ತೇವೆಯೋ, ಅವರಂತೆಯೇ ಇವರು ಆ ನೆಲದ ಮೂಲನಿವಾಸಿಗಳು. ಮ್ಯಾನಿಟೂಲಿನ್ನಿನ ವೀಕ್ವೆಮ್‌ಕೂಂಗ್ ಎಂಬ ಊರಿನವರು ತಮ್ಮ ನೆಲವನ್ನು ಯಾವ ಒಡಂಬಡಿಕೆಯಿಂದಲೂ ಪರರಿಗೆ ಬಿಟ್ಟುಕೊಟ್ಟವರಲ್ಲವೆಂದು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ನಮ್ಮ ಲೇಖನದ ನಾಯಿಕೆಯಾದ ಆಟಮ್ ಪೆಲ್ಟಿಯರ್ ಎಂಬವಳು ಈ ಊರಿನ ಮನೆತನಕ್ಕೆ ಸೇರಿದವಳು. ಹುಟ್ಟಿದ್ದು ೨೦೦೪ನೆಯ ಇಸವಿಯ ಸಪ್ಟೆಂಬರ ೨೭ರಂದು.

ಅನಿಶಿನಾಬೆ ಜನರಲ್ಲಿ ನೀರನ್ನು ಕಾಯುವ ಭಾರವು ಹೆಂಗಸರದು. ಮಗುವು ತಾಯಿಯ ಒಡಲಲ್ಲಿ ಮೊದಲು ನೀರಿನಲ್ಲಿಯೇ ಬೆಳೆಯುವದರಿಂದ, ನೀರಿನ ಮರ್ಮವನ್ನು ಬಲ್ಲವಳು ಹೆಂಗಸೆಂದು ಅವರ ಹಿರಿಯರ ನಂಬಿಗೆ. ಆಟಮಳಿಗೆ ನಂಟಿನಲ್ಲಿ ಅಜ್ಜಿಯಾಗಬೇಕಾದ ಜೋಸೆಫೀನ್ ಮಂಡಾಮಿನ್ ಎಂಬವರು ಈ ಭಾರವನ್ನು ಅಕ್ಷರಶಃ ತಮ್ಮ ಕೈಯಲ್ಲಿ ಹೊತ್ತರು. ೧೯೪೨ರಲ್ಲಿ ಹುಟ್ಟಿದ ಈ ಹಿರಿಯರು ೨೦೦೩ರಲ್ಲಿ, ಅರುವತ್ತರ ಹತ್ತಿರದ ವಯಸ್ಸಿನಲ್ಲಿ, ತಾಮ್ರದ ಕೊಡವೊಂದರಲ್ಲಿ ನೀರು ತುಂಬಿಕೊಂಡು ಸುಪೀರಿಯರ್ ಸರೋವರದ ದಂಡೆಗುಂಟ ನಡೆಯತೊಡಗಿದರು. ಮುಂದೆ ಒಂದೊಂದಾಗಿ ಐದೂ ಸರೋವರಗಳನ್ನು ನಡೆದೇ ಸುತ್ತಿದರು. ಅವರು ಒಟ್ಟಿಗೆ ನಡೆದ ದಾರಿಯು ೧೭,೦೦೦ ಕಿಲೋಮೀಟರಿಗೂ ಹೆಚ್ಚು. ತಾಮ್ರದ ಕೊಡವನ್ನು ಹೊತ್ತು ಹೊಳೆಯಿಂದ ಮನೆಗೆ ನಡೆದವರ ಮೊಮ್ಮಕ್ಕಳಾದ ನಮಗೆ ಆ ಭಾರದ ಅರ್ಥವನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ನೀರು ಕೆಡುತ್ತಲಿದೆ, ಎಚ್ಚರವಾಗಿರಿ ಎಂಬ ಒಂದೇ ಮಾತನ್ನು ಅವರು ಊರೂರಿಗೆ ಮುಟ್ಟಿಸಿದರು. ೨೦೧೯ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಆಟಮ್ ಎಂಟು ವರ್ಷದವಳಿದ್ದಾಗ ಸರ್ಪೆಂಟ್ ರಿವರ್ ಎಂಬ ಮತ್ತೊಂದು ಮೂಲನಿವಾಸಿಗಳ ಊರಿಗೆ ನೀರಿನ ಪೂಜೆಗಾಗಿ ಹೋಗಿದ್ದಳು. ಅಲ್ಲಿ ಕೈತೊಳೆಯುವ ಸ್ಥಳದಲ್ಲಿ, ಈ ನೀರನ್ನು ಕುಡಿಯಬಾರದೆಂಬ ಸೂಚನೆಯನ್ನು ಅಂಟಿಸಿದ್ದರು. ಸುತ್ತಲೂ ಸಮುದ್ರದಂಥ ಸಿಹಿನೀರಿರುವ ಸೀಮೆಯಲ್ಲಿ ಇದೇನು ಸೂಚನೆಯೆಂದು ಅವಳು ತಾಯಿಯನ್ನು ಕೇಳಿದಳು. ಇಲ್ಲಿಯ ಜನರು ನಳದ ನೀರನ್ನು ಕುದಿಸದೆ ಕುಡಿಯುವಂತಿಲ್ಲ, ವರ್ಷಾನುವರ್ಷ ಹೀಗೆಯೇ ಬಾಳುತ್ತಿದ್ದಾರೆ ಎಂದು ತಾಯಿ ತಿಳಿಸಿ ಹೇಳಿದಳು. ಅಂದಿನಿಂದ ಆ ಹುಡುಗಿಯ ಪ್ರಶ್ನೆಗಳು ನಿಲ್ಲಲಿಲ್ಲ. ಅಜ್ಜಿಯ ಬಳಿ ಕುಳಿತು ನೀರಿನ ವಿದ್ಯೆಯನ್ನು ಕಲಿಯತೊಡಗಿದಳು.

ಇಲ್ಲಿ ನಾವು ಸ್ವಲ್ಪ ತಡೆದು ಆ ಸೂಚನೆಯ ಅರ್ಥವನ್ನು ತಿಳಿದುಕೊಳ್ಳುವದು ಉಚಿತವು. ಏಕೆಂದರೆ ಅದು ಪ್ರತಿಯೊಂದು ಅಡಿಗೆಮನೆಗೆ ಬೇಕಾದ ಜ್ಞಾನವಾಗಿದೆ. ಕೆನಡಾದಲ್ಲಿ ಇಂಥ ಸೂಚನೆಗಳು ಮೂರು ಬಗೆಯವು. ನೀರನ್ನು ಕುದಿಸಿ ಕುಡಿಯಿರೆಂಬದು ಒಂದು. ಕುಡಿಯಲೇ ಬೇಡಿರೆಂಬದು ಎರಡು. ಮುಟ್ಟಲೂ ಬೇಡಿರೆಂಬದು ಮೂರು. ರೋಗಾಣುಗಳಿಂದ ನೀರು ಕೆಟ್ಟಿದ್ದರೆ ಮೊದಲನೆಯ ಉಪಾಯವು ಸಾಕು. ಒಂದು ನಿಮಿಷ ಕಳಕಳನೆ ಕುದ್ದ ನೀರಿನಲ್ಲಿ ಪಟಕಿ, ವಿಷಮಜ್ವರ, ಕಾಮಣಿ ಮೊದಲಾದವುಗಳ ಬೀಜಗಳು ಉಳಿಯುವದಿಲ್ಲ. ಆದರೆ ನೀರಿನಲ್ಲಿ ಕರಗಿದ ಲವಣಗಳೂ ಲೋಹಗಳೂ ಕುದಿಸಿದರೆ ಹೋಗುವದಿಲ್ಲ. ನೀರು ಆವಿಯಾಗಿ ಕಡಮೆಯಾದಂತೆ ಉಳಿದ ನೀರಿನಲ್ಲಿ ಅವುಗಳ ಪ್ರಮಾಣವು ಹೆಚ್ಚುತ್ತದೆ. ಒಂಟೇರಿಯೊ ಪ್ರಾಂತದ ಗ್ರಾಸಿ ನ್ಯಾರೋಸ್ ಎಂಬಲ್ಲಿಯ ಮೂಲನಿವಾಸಿಗಳ ಕಥೆಯು ಇದಕ್ಕೆ ಉದಾಹರಣೆ. ಅವರ ಹೊಳೆಯ ಮೇಲ್ಭಾಗದಲ್ಲಿದ್ದ ಕಾಗದದ ಕಾರಖಾನೆಯೊಂದರಿಂದ ೧೯೬೨ರಿಂದ ೧೯೭೦ರ ವರೆಗೆ ಸುಮಾರು ೯,೦೦೦ ಕಿಲೋಗ್ರಾಮಿನಷ್ಟು ಪಾದರಸವು ನೀರಿಗೆ ಸೇರಿತು. ಅದು ಮೀನುಗಳ ಮೈಯಲ್ಲಿ ಸಂಚಯವಾಗಿ, ಮೀನನ್ನು ತಿಂದವರ ನರಗಳನ್ನು ಕೆಡಿಸಿತು. ಜಪಾನಿನ ಮಿನಾಮಾಟಾ ಎಂಬ ಊರಿನಲ್ಲಿ ೧೯೫೬ರಲ್ಲಿ ಗೊತ್ತಾದ ರೋಗವೇ ಇಲ್ಲಿಯೂ ಕಾಣಿಸಿಕೊಂಡಿತು. ಇಂಥ ನೀರಿಗೆ ಒಲೆಯ ಮೇಲಿನ ಪಾತ್ರೆಯು ಮದ್ದಾಗಲಾರದು. ಮೂಲದಲ್ಲಿಯೇ ಕೆಡದಂತೆ ಕಾಯಬೇಕು. ಮನೆಯೊಳಗೆ ನೀರನ್ನು ಕುದಿಸುವ ಹೆಂಗಸು ಮನೆಯ ಹೊರಗೆ ನೀರಿನ ಮಾತನ್ನು ಏಕೆ ಆಡಬೇಕೆಂಬದಕ್ಕೆ ಇದಕ್ಕಿಂತ ಬೇರೆ ಕಾರಣವು ಬೇಡ.

ಇನ್ನು ನಮ್ಮ ಬಾಲಿಕೆಯ ಕಡೆಗೆ ಬರೋಣ. ೨೦೧೬ರ ಡಿಸೆಂಬರದಲ್ಲಿ ಕೆನಡಾದ ಮೂಲನಿವಾಸಿ ಮುಖಂಡರೆಲ್ಲ ಒಂದು ಮಹಾಸಭೆಯನ್ನು ಕೂಡಿಸಿದ್ದರು. ಆಗಿನ ಪ್ರಧಾನಮಂತ್ರಿಗಳಾದ ಜಸ್ಟಿನ್ ಟ್ರೂಡೊ ಅವರು ಅಲ್ಲಿಗೆ ಬಂದಿದ್ದರು. ಎಣ್ಣೆಯನ್ನು ಸಾಗಿಸುವ ದೊಡ್ಡ ಕೊಳವೆಮಾರ್ಗಗಳಿಗೆ ಅವರ ಸರಕಾರವು ಕೆಲವೇ ದಿನಗಳ ಹಿಂದೆ ಒಪ್ಪಿಗೆಯನ್ನು ಕೊಟ್ಟಿತ್ತು. ಕೊಳವೆಯು ಒಡೆದರೆ ಹೊಳೆಗಳ ಗತಿಯೇನೆಂಬ ಚಿಂತೆಯು ಆ ಜನರಲ್ಲಿ ಬಲವಾಗಿತ್ತು. ನೀರಿನ ಪೂಜೆಗೆ ಸಂಬಂಧಪಟ್ಟ ವಸ್ತುಗಳ ಗಂಟೊಂದನ್ನು ಪ್ರಧಾನಮಂತ್ರಿಗಳಿಗೆ ಕಾಣಿಕೆಯಾಗಿ ಒಪ್ಪಿಸುವ ಕೆಲಸವು ಹನ್ನೆರಡು ವರ್ಷದ ಆಟಮಳ ಪಾಲಿಗೆ ಬಂದಿತು. ಕಾಣಿಕೆ ಕೊಟ್ಟು ಸರಿಯಬೇಕಾದ ಹುಡುಗಿಯು ಸರಿಯಲಿಲ್ಲ. ತಾವು ಮಾಡಿದ ನಿರ್ಣಯಗಳಿಂದ ತನಗೆ ಬಹಳ ದುಃಖವಾಗಿದೆಯೆಂದು ಅವರ ಮುಖವನ್ನು ನೋಡಿ ಹೇಳಿದಳು. ಅದು ತಮಗೆ ತಿಳಿಯುತ್ತದೆಂದು ಅವರು ಅಂದರು. ಅವಳು ಕೊಳವೆಮಾರ್ಗಗಳ ಹೆಸರೆತ್ತುವಷ್ಟರಲ್ಲಿ ಗಂಟಲು ಬಿಗಿದು ಅತ್ತುಬಿಟ್ಟಳು. ಮುಂದಿನ ಮಾತು ಹೊರಡಲಿಲ್ಲ. ಆಗ ಪ್ರಧಾನಮಂತ್ರಿಗಳು ನೀರನ್ನು ತಾವು ಕಾಪಾಡುವದಾಗಿ ವಚನವಿತ್ತರು.

ಈ ಪ್ರಸಂಗದಲ್ಲಿ ಗಮನಿಸತಕ್ಕದ್ದೇನೆಂದರೆ, ಬಾಲಿಕೆಯು ಯಾರನ್ನೂ ಹಳಿಯಲಿಲ್ಲ, ಕೂಗಾಡಲಿಲ್ಲ. ಕಾಣಿಕೆಯನ್ನು ಎರಡೂ ಕೈಗಳಿಂದ ಕೊಡುವಷ್ಟು ಗೌರವವೂ ಇತ್ತು, ಅಪ್ರಿಯವಾದ ಸತ್ಯವನ್ನು ಹೇಳುವಷ್ಟು ಧೈರ್ಯವೂ ಇತ್ತು. ಹಿರಿಯರೆದುರಿಗೆ ಮಾತನಾಡುವ ಹುಡುಗಿಗೆ ಮರ್ಯಾದೆ ತಿಳಿಯದೆಂದು ನಮ್ಮಲ್ಲಿ ಅನ್ನುವದುಂಟು. ವಿನಯವೂ ಸತ್ಯವೂ ಒಂದೇ ನಾಲಗೆಯ ಮೇಲೆ ಇರಬಲ್ಲವೆಂಬದನ್ನು ಇವಳಲ್ಲಿ ಕಾಣಬಹುದು.

ಆಮೇಲಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೨೦೧೮ರ ಮಾರ್ಚ ೨೨ರಂದು, ಅಂದರೆ ವಿಶ್ವ ಜಲದಿನದಂದು, ಹದಿಮೂರು ವರ್ಷದ ಆಟಮ್ ನ್ಯೂಯಾರ್ಕಿನಲ್ಲಿ ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯಲ್ಲಿ ಭಾಷಣ ಮಾಡಿದಳು. ಮನುಷ್ಯನಿಗಿರುವಂತೆ ನೀರಿಗೂ ಹಕ್ಕುಗಳಿರಬೇಕೆಂದು ಅಲ್ಲಿ ಕೇಳಿಕೊಂಡಳು. ೨೦೧೯ರ ಏಪ್ರಿಲದಲ್ಲಿ, ಅಜ್ಜಿಯು ಹಿಂದೆ ವಹಿಸಿದ್ದ ಸ್ಥಾನವಾದ ಅನಿಶಿನಾಬೆಕ್ ರಾಷ್ಟ್ರದ ಮುಖ್ಯ ಜಲಾಧಿಕಾರಿಯ ಪದವಿಯು ಹದಿನಾಲ್ಕು ವರ್ಷದ ಈ ಮೊಮ್ಮಗಳಿಗೆ ಬಂದಿತು. ಅದೇ ವರ್ಷ ಸಪ್ಟೆಂಬರದಲ್ಲಿ ಮತ್ತೆ ನ್ಯೂಯಾರ್ಕಿನಲ್ಲಿ ಮಾತನಾಡಿ, ಹಣವನ್ನು ತಿನ್ನಲಾಗದು, ಎಣ್ಣೆಯನ್ನು ಕುಡಿಯಲಾಗದು ಎಂದು ಜಗತ್ತಿಗೆ ನೆನಪಿಸಿದಳು.

ಇಷ್ಟನ್ನು ಓದಿದ ಪಾಲಕರು ಒಂದು ಪ್ರಶ್ನೆಯನ್ನು ಕೇಳಬಹುದು. ವಚನ ಸಿಕ್ಕಿತು, ಸನ್ಮಾನ ಸಿಕ್ಕಿತು, ನೀರು ಸಿಕ್ಕಿತೇ? ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡಬೇಕು. ೨೦೧೫ರ ನವೆಂಬರದಲ್ಲಿ ಕೆನಡಾದ ಮೂಲನಿವಾಸಿಗಳ ಊರುಗಳಲ್ಲಿ ದೀರ್ಘಕಾಲದ ನೀರಿನ ಸೂಚನೆಗಳು ೧೦೫ ಇದ್ದವು. ೨೦೨೧ರ ಮಾರ್ಚದೊಳಗಾಗಿ ಎಲ್ಲವನ್ನೂ ತೆಗೆಯುವೆವೆಂದು ಸರಕಾರವು ಹೇಳಿತ್ತು. ಅವಧಿಯು ಮುಗಿದಾಗ ೫೦ಕ್ಕೂ ಹೆಚ್ಚು ಉಳಿದೇ ಇದ್ದವು. ಉತ್ತರ ಒಂಟೇರಿಯೊದ ನೆಸ್ಕಾಂಟಗಾ ಎಂಬ ಊರಿನಲ್ಲಿ ೧೯೯೫ರ ಫೆಬ್ರವರಿಯಲ್ಲಿ ಬಂದ ಸೂಚನೆಗೆ ೨೦೨೫ರ ಫೆಬ್ರವರಿಯಲ್ಲಿ ಮೂವತ್ತು ವರ್ಷಗಳು ತುಂಬಿದವು. ಅಂದರೆ ಆ ಊರಿನಲ್ಲಿ ಹುಟ್ಟಿದ ಹೆಣ್ಣುಮಗಳು ದೊಡ್ಡವಳಾಗಿ, ತಾಯಿಯಾಗಿ, ತನ್ನ ಮಗುವಿಗೂ ನಳದ ನೀರನ್ನು ಕೊಡಲಾರದೆ ಹೋದಳು.

ಹಾಗಾದರೆ ಆ ಕಣ್ಣೀರು ವ್ಯರ್ಥವಾಯಿತೇ? ನಮಗೆ ಹಾಗೆ ಅನಿಸುವದಿಲ್ಲ. ಮುಖತಃ ಕೊಟ್ಟ ವಚನವನ್ನು ಎಲ್ಲರೂ ಕಂಡಿದ್ದರು. ಅದನ್ನು ಮರೆಯಗೊಡದಂತೆ ಲೆಕ್ಕ ಕೇಳುವವರು ಹೆಚ್ಚಿದರು. ಎಷ್ಟು ಸೂಚನೆಗಳು ಹೋದವು, ಎಷ್ಟು ಉಳಿದವು ಎಂಬದನ್ನು ಜನರು ಎಣಿಸುತ್ತ ಬಂದರು. ಮೂಲನಿವಾಸಿಗಳ ಊರುಗಳು ನ್ಯಾಯಾಲಯಕ್ಕೂ ಹೋದವು. ೨೦೨೧ರ ಡಿಸೆಂಬರದಲ್ಲಿ ಸುಮಾರು ೮೦೦ ಕೋಟಿ ಕೆನಡಾ ಡಾಲರುಗಳ ಒಪ್ಪಂದವನ್ನು ನ್ಯಾಯಾಲಯಗಳು ಮನ್ನಿಸಿದವು. ಪರಿಹಾರಕ್ಕೂ ನೀರಿನ ವ್ಯವಸ್ಥೆಗೂ ಅದರಲ್ಲಿ ಹಣವಿತ್ತು. ಇದೆಲ್ಲವೂ ಒಬ್ಬ ಬಾಲಿಕೆಯಿಂದಾಯಿತೆಂದು ಹೇಳಿದರೆ ಸುಳ್ಳಾದೀತು. ಅವಳಿಗಿಂತ ಮುಂಚೆ ನಡೆದವರೂ, ಅವಳ ಜೊತೆಗೆ ದುಡಿದವರೂ ಬಹು ಜನರು. ಆದರೆ ಒಂದು ಸೀಮೆಯ ಹೆಂಗಸರು ಒಳಗೊಳಗೆ ನುಂಗಿಕೊಂಡ ಸಂಕಟವನ್ನು ಅವಳು ಎಲ್ಲರಿಗೂ ಕೇಳಿಸುವಂತೆ ಆಡಿದಳು. ಮೊದಲನೆಯ ಮಾತನ್ನು ಯಾರಾದರೂ ಆಡಲೇಬೇಕಷ್ಟೆ.

ಇದೆಲ್ಲ ಶ್ರೀಮಂತ ದೇಶದ ಮಾತೆಂದು ತಿಳಿಯುವವರಿಗೆ ನಮ್ಮ ನೆರೆಯ ಕೇರಳದ ಪ್ಲಾಚಿಮಡವನ್ನು ತೋರಿಸುತ್ತೇವೆ. ಪಾಲಕ್ಕಾಡ ಜಿಲ್ಲೆಯ ಈ ಹಳ್ಳಿಯಲ್ಲಿ ೨೦೦೦ದಲ್ಲಿ ತಂಪುಪಾನೀಯದ ಕಾರಖಾನೆಯೊಂದು ಆರಂಭವಾದ ಬಳಿಕ ಸುತ್ತಲಿನ ಬಾವಿಗಳ ನೀರು ಇಳಿಯಿತು, ಉಳಿದ ನೀರಿನ ರುಚಿ ಕೆಟ್ಟಿತು. ಎರವಾಲ ಎಂಬ ಆದಿವಾಸಿ ಪಂಗಡದ ಮಯಿಲಮ್ಮ ಎಂಬ ಹೆಂಗಸು ತನ್ನ ಬಾವಿಯ ನೀರು ಅಡಿಗೆಗೆ ಬಾರದಂತಾದುದನ್ನು ಕಂಡು ಸುಮ್ಮನಿರಲಿಲ್ಲ. ೨೦೦೨ರ ಏಪ್ರಿಲ ೨೨ರಂದು ಕಾರಖಾನೆಯ ಎದುರಿಗೆ ಆರಂಭವಾದ ಸತ್ಯಾಗ್ರಹದಲ್ಲಿ ಆಕೆ ಮುಂದಾಳಾಗಿ ನಿಂತಳು. ೨೦೦೪ರ ಮಾರ್ಚದಲ್ಲಿ ಕಾರಖಾನೆಯ ಕೆಲಸವು ನಿಂತಿತು. ೨೦೦೭ರಲ್ಲಿ ಮಯಿಲಮ್ಮ ತೀರಿಕೊಂಡಳು. ಕೆನಡಾದ ಬಾಲಿಕೆಗೂ ಕೇರಳದ ಈ ಹಿರಿಯ ಹೆಂಗಸಿಗೂ ಭಾಷೆ ಬೇರೆ, ವಯಸ್ಸು ಬೇರೆ. ಇಬ್ಬರೂ ಆಡಿದ ಮಾತಿನ ಹಿಂದೆ ತಾವೇ ಕಂಡು ತಿಳಿದ ಸಂಗತಿಯಿತ್ತು. ಅದೇ ಅವರ ಬಲವಾಗಿತ್ತು.

ಈಗ ನಮ್ಮ ಹೊಳೆಯ ಕಡೆಗೆ ತಿರುಗೋಣ. ಸಹ್ಯಾದ್ರಿಯಲ್ಲಿ ಹುಟ್ಟಿ, ಮಹಾರಾಷ್ಟ್ರದ ನೆಲವನ್ನು ತೊಯಿಸಿ, ನಮ್ಮ ತಾಲೂಕಿನಲ್ಲಿ ಕೃಷ್ಣೆಯನ್ನು ಕೂಡುವ ದೂಧಗಂಗೆಯ ಹೆಸರಿನಲ್ಲಿಯೇ ಹಾಲುಂಟು. ಎರಡು ರಾಜ್ಯಗಳ ನಡುವೆ ಹರಿಯುವ ಹೊಳೆಗೆ ಗಡಿಯು ತಿಳಿಯದು. ಮೇಲಿನವರು ಬಿಟ್ಟದ್ದು ಕೆಳಗಿನವರಿಗೆ ಬರುತ್ತದೆ. ನಾವು ಬಿಟ್ಟದ್ದು ನಮಗಿಂತ ಕೆಳಗಿನವರಿಗೆ ಮುಟ್ಟುತ್ತದೆ. ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುವ ಪಂಚಗಂಗೆಯ ದಂಡೆಯ ಇಚಲಕರಂಜಿಯಲ್ಲಿ ೨೦೧೨ರಲ್ಲಿ ಕೆಟ್ಟ ನೀರಿನಿಂದ ಕಾಮಣಿ ರೋಗವು ಹಬ್ಬಿ, ಬಹು ಜನರು ಹಾಸಿಗೆ ಹಿಡಿದರು. ಕೆಲವರು ಪ್ರಾಣವನ್ನೇ ನೀಗಿದರು. ೨೦೧೯ರ ಮತ್ತು ೨೦೨೧ರ ಮಹಾಪೂರಗಳಲ್ಲಿ ನಮ್ಮ ಹೊಳೆದಂಡೆಯ ಊರುಗಳ ಬಾವಿಗಳಿಗೆ ಹೊಳೆಯ ರಾಡಿಯು ನುಗ್ಗಿದ್ದನ್ನು ಮರೆತವರಿಲ್ಲ.

ಕಬ್ಬು ನಮ್ಮ ಸೀಮೆಯ ಭಾಗ್ಯವು. ಅದನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಈ ಶಾಲೆಯ ಎಷ್ಟೋ ಹುಡುಗಿಯರ ಪುಸ್ತಕಗಳು ಕಬ್ಬಿನ ಬಿಲ್ಲಿನಿಂದಲೇ ಬಂದಿವೆ. ಆದರೆ ಕಪ್ಪು ನೆಲಕ್ಕೆ ಅಳತೆ ಮೀರಿ ನೀರುಣಿಸಿದರೆ ಉಪ್ಪು ಮೇಲಕ್ಕೇರಿ ಭೂಮಿಯು ಸವುಳಾಗುತ್ತದೆ. ಅಳತೆ ಮೀರಿ ಹಾಕಿದ ಗೊಬ್ಬರದಲ್ಲಿಯ ನೈಟ್ರೇಟು ಇಳಿದಿಳಿದು ಬಾವಿ, ಕೊಳವೆಬಾವಿಗಳನ್ನು ಸೇರುತ್ತದೆ. ಒಂದು ಲೀಟರ ಕುಡಿಯುವ ನೀರಿನಲ್ಲಿ ಅದು ೪೫ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ನಮ್ಮ ದೇಶದ ನಿಯಮವುಂಟು. ಮೀರಿದರೆ ಎಳೆಗೂಸುಗಳ ರಕ್ತಕ್ಕೆ ಪ್ರಾಣವಾಯುವನ್ನು ಒಯ್ಯುವ ಶಕ್ತಿಯು ಕುಂದಿ, ಮೈಯು ನೀಲಿಯಾಗುವ ಅಪಾಯವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವದೂ ಇಲ್ಲ. ತಿಳಿಯಾದ ನೀರೆಲ್ಲ ಶುದ್ಧವಾದ ನೀರೆಂದು ನಂಬಬಾರದೆಂಬ ಪಾಠವು ಇದರಿಂದ ಸಿದ್ಧವಾಗುತ್ತದೆ.

ಇದಕ್ಕೆ ಹುಡುಗಿಯೊಬ್ಬಳು ಏನು ಮಾಡಬಲ್ಲಳೆಂದು ಕೇಳಬಹುದು. ಮಾಡುವದು ಬಹಳವಿದೆ. ನೀರಿನ ಮಾಲಿನ್ಯವನ್ನು ತಡೆಯುವ ಕಾಯಿದೆಯು ನಮ್ಮ ದೇಶದಲ್ಲಿ ೧೯೭೪ರಿಂದಲೂ ಉಂಟು. ಬಾಳುವ ಹಕ್ಕಿನಲ್ಲಿ ಕೆಡದ ನೀರು ಪಡೆಯುವ ಹಕ್ಕೂ ಅಡಕವಾಗಿದೆಯೆಂದು ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಶುದ್ಧ ಕುಡಿಯುವ ನೀರು ಮನುಷ್ಯನ ಹಕ್ಕೆಂದು ೨೦೧೦ರ ಜುಲೈ ೨೮ರಂದು ಸಂಯುಕ್ತ ರಾಷ್ಟ್ರಸಂಘದ ಮಹಾಸಭೆಯು ಸಾರಿತು. ೨೦೧೯ರ ಆಗಸ್ಟ ೧೫ರಂದು ಆರಂಭವಾದ ಜಲ ಜೀವನ ಮಿಶನ್ನಿನ ನಿಯಮದ ಮೇರೆಗೆ ಪ್ರತಿಯೊಂದು ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರನ್ನು ಪರೀಕ್ಷಿಸುವ ಪೆಟ್ಟಿಗೆಯ ಉಪಯೋಗವನ್ನು ಕಲಿಸಬೇಕು. ಚಿಕ್ಕ ಸೀಸೆಯಲ್ಲಿ ನೀರು ಹಾಕಿ, ಔಷಧಿಯ ಹನಿ ಬೆರೆಸಿ, ಬಣ್ಣವನ್ನು ಕಾಗದದ ಮೇಲಿನ ಬಣ್ಣಕ್ಕೆ ಹೋಲಿಸಿ ನೋಡುವದು, ಇಷ್ಟೇ ಕೆಲಸ. ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ಕಠಿಣವೆನಿಸಲಾರದು. ಕೊಟ್ಟ ಮನೆಯ ಊರಲ್ಲಿ ಆ ಐವರಲ್ಲಿ ಒಬ್ಬಳು ನೀವೇ ಏಕಾಗಬಾರದು? ಪರೀಕ್ಷೆಯ ಅಂಕಿಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಅದಕ್ಕೆ ಇರುವ ತೂಕವು ಬಾವಿಕಟ್ಟೆಯ ಮೇಲಿನ ನೂರು ಗೊಣಗಾಟಗಳಿಗೆ ಇಲ್ಲ.

ಮನೆಯಲ್ಲಿ ತಾಯಿ ಮಕ್ಕಳು ಕೂಡಿ ವಿಚಾರಿಸಲೆಂದು ಮೂರು ಪ್ರಶ್ನೆಗಳನ್ನು ಕೊಡುತ್ತೇವೆ. ಮೊದಲನೆಯದು: ನಾವು ದಿನಾಲು ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅದನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ? ಎರಡನೆಯದು: ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಅದು ಯಾರ ಬಾವಿಯನ್ನು ಮುಟ್ಟುತ್ತದೆ? ಮೂರನೆಯದು: ನಮ್ಮ ಮನೆಯ ಹುಡುಗಿಯು ಮೊನ್ನೆ ಕೇಳಿದ ಯಾವ ಪ್ರಶ್ನೆಗೆ ನಾವು ಸುಮ್ಮನಿರೆಂದು ಉತ್ತರ ಕೊಟ್ಟೆವು?

ಮೂರನೆಯ ಪ್ರಶ್ನೆಯನ್ನು ಪಾಲಕರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ವಿನಂತಿ. ಎಂಟು ವರ್ಷದ ಆಟಮ್ ಸೂಚನೆಯ ಅರ್ಥವನ್ನು ಕೇಳಿದ ದಿವಸ ಅವಳ ತಾಯಿಯು, ನಿನಗೇಕೆ ಅದರ ಗೊಡವೆ ಎಂದು ಅಂದಿದ್ದರೆ, ಮುಂದಿನ ಯಾವ ಸಭೆಯಲ್ಲಿಯೂ ಆ ಹುಡುಗಿಯು ಬಾಯಿ ತೆರೆಯುತ್ತಿರಲಿಲ್ಲವೇನೋ. ತಾಯಿಯು ಉತ್ತರ ಕೊಟ್ಟಳು. ಅಜ್ಜಿಯು ವಿದ್ಯೆಯನ್ನು ಕೊಟ್ಟಳು. ಆಮೇಲೆ ಧೈರ್ಯವು ತಾನಾಗಿ ಬಂದಿತು. ಶಾಲೆಯು ಪಾಠವನ್ನು ಹೇಳೀತು. ಕೇಳಿದ್ದಕ್ಕೆ ನಿಜವಾದ ಉತ್ತರವನ್ನು ಕೊಡುವ ಕೆಲಸವು ಮನೆಯಿಂದಲೇ ಆರಂಭವಾಗಬೇಕು.